ಹಳೇ ಆಕ್ಟೇವಿಯಾ ಆರ್‌ಎಸ್‌ಗೆ ಯಾವ ಶಾಕ್ ಹಾಕಿಸ್ಬೇಕು? ಮೊದ್ಲು ಸ್ಪ್ರಿಂಗ್ ನೋಡ್ರಿ

ಓದುಗರ ಪ್ರಶ್ನೆ: "ನಮಸ್ಕಾರ ಸರ್. ನಮ್ದು ಹರಿಹರ. ಎರಡು ವರ್ಷದ ಹಿಂದೆ ಬೆಂಗಳೂರಲ್ಲಿ 2005ರ ಮಾಡಲ್ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಸೆಕೆಂಡ್ ಹ್ಯಾಂಡ್ ತಗೊಂಡೆ, ಕಾಲೇಜಲ್ಲಿದ್ದಾಗಿಂದ ಆಸೆ ಅದು. 1,34,000 ಕಿಲೋಮೀಟರ್ ಓಡೈತೆ, ಇಂಜಿನ್ನು ಗೇರ್‌ಬಾಕ್ಸು ಏನೂ ತೊಂದ್ರೆ ಇಲ್ಲ. ಆದ್ರೆ ಹೈವೇಲಿ 100ರ ಮೇಲೆ ಹೋಗುವಾಗ ಸೇತುವೆ ಜಾಯಿಂಟ್ ದಾಟಿದ್ರೆ ಗಾಡಿ ಎರಡು ಮೂರು ಸಲ ತೊಟ್ಟಿಲು ತೂಗಿದಂಗೆ ತೂಗ್ತೈತೆ, ಹಂಪ್ ಹತ್ತಿದ್ರೆ ಮುಂದೆ ಎಡಗಡೆ ಟಕ್ ಟಕ್ ಅಂತೈತೆ, ಹಿಂದಿನ ಟೈರ್ ಮೇಲೆ ಕೈ ಆಡಿಸಿದ್ರೆ ಅಲೆ ಅಲೆ ಸಿಗ್ತೈತೆ. ಮೂರು ಕಡೆ ತೋರಿಸ್ದೆ. ಒಬ್ರು ಆಯಿಲ್ ಲೀಕ್ ಇಲ್ಲ, ಶಾಕಬ್ಸಾರ್ಬರ್ ಚೆನ್ನಾಗಿದಾವೆ ಅಂದ್ರು. ಇನ್ನೊಬ್ರು ಎಡಗಡೆದು ಒಂದೇ ಬಿಚ್ಚಿ ರಿಪೇರಿ ಮಾಡಿಸಿ ಹಾಕೋಣ ಅಂದ್ರು. ಮೂರನೇಯವ್ರು ಕಾಯಿಲ್‌ಓವರ್ (ಎತ್ತರ ಏರಿಸಿ ಇಳಿಸೋಕಾಗೋ ಸ್ಪ್ರಿಂಗ್-ಶಾಕ್ ಸೆಟ್) ಹಾಕಿ ಎರಡು ಇಂಚು ಇಳಿಸಿದ್ರೆ ರೇಸ್ ಕಾರ್ ಆಗ್ತೈತೆ ಅಂತಾರೆ. ಫ್ರೆಂಡ್ಸು ಮಾಮೂಲಿ ಆಕ್ಟೇವಿಯಾದ್ದೇ ಹಾಕ್ಸು, ಕಡಿಮೇಲಿ ಮುಗೀತೈತೆ ಅಂತಾರೆ. ಅಪ್ಪಾಜಿ ಅಮ್ಮನೂ ಇದೇ ಗಾಡೀಲಿ ಓಡಾಡ್ತಾರೆ, ಅಮ್ಮಂಗೆ ಸೊಂಟ ನೋವು ಬೇರೆ. ತಿಂಗಳಿಗೊಂದ್ಸಲ ಬೆಂಗಳೂರು, ವಾರಕ್ಕೊಂದ್ಸಲ ಚನ್ನಗಿರಿ ಕಡೆ ತೋಟಕ್ಕೆ ಹೋಗ್ತೀವಿ. ಯಾವ ಶಾಕ್ ಹಾಕಿಸ್ಲಿ?"

ಉತ್ತರ:

ನಿಮ್ಮ ಪತ್ರ ಎರಡು ಸಲ ಓದಿದೆ. ದಾವಣಗೆರೇಲಿ ಸಸ್ಪೆನ್ಷನ್ (ಸ್ಪ್ರಿಂಗು, ಶಾಕು) ಕೆಲಸಾನೇ ಮಾಡ್ಕೊಂಡು 24 ವರ್ಷ ಆಯ್ತು, ಇಷ್ಟು ಸರಿಯಾಗಿ ಗಾಡಿ ಲಕ್ಷಣ ಬರೆದು ಕೇಳೋರು ಕಡಿಮೆ, ಅದಕ್ಕೇ ಸ್ವಲ್ಪ ಉದ್ದ ಬರೀತಿದೀನಿ. ನಿಮ್ಮ ಚಿಂತೆ ಇಷ್ಟೇ ಅಲ್ವಾ, ಮೂರು ಜನ ಮೂರು ಥರ ಹೇಳ್ತಿದಾರೆ, ಯಾರ ಮಾತು ಕೇಳಿದ್ರೆ ದುಡ್ಡೂ ಹಾಳಾಗಲ್ಲ, ಇಷ್ಟಪಟ್ಟು ತಗೊಂಡ ಗಾಡೀನೂ ಕೆಡಲ್ಲ ಅಂತ. ಮೊದ್ಲೇ ಹೇಳಿಬಿಡ್ತೀನಿ, ನೀವು ಬರೆದಿರೋ ಮೂರು ಲಕ್ಷಣ ನೋಡಿದ್ರೆ ನಾಲ್ಕೂ ಶಾಕ್ ಮುಗಿದಿದಾವೆ ಅಂತ ನಂಗೆ ಹೆಚ್ಚುಕಮ್ಮಿ ಗ್ಯಾರಂಟಿ, ಆದ್ರೆ ಆ ಟಕ್ ಟಕ್ ಸದ್ದು ಮಾತ್ರ ಬಹುಶಃ ಶಾಕ್‌ದಲ್ಲ.

ಶಾಕಬ್ಸಾರ್ಬರ್ ಗಾಡಿ ತೂಕ ಹೊರ್ತೈತೆ ಅಂತ ಬಹಳ ಜನ ತಿಳ್ಕೊಂಡಿದಾರೆ. ಹೊರಲ್ಲ. ತೂಕ ಹೊರೋದು ಸ್ಪ್ರಿಂಗ್. ಸ್ಪ್ರಿಂಗ್‌ಗೆ ಒಂದು ಗುಣ ಐತೆ, ಒತ್ತಿದ್ರೆ ಅಷ್ಟೇ ಜೋರಾಗಿ ವಾಪಸ್ ಚಿಮ್ಮುತ್ತೆ, ತಾನಾಗೇ ನಿಲ್ಲಲ್ಲ. ಅದನ್ನ ನಿಲ್ಸೋದು ಶಾಕ್. ಸ್ಪ್ರಿಂಗ್ ಎತ್ತು ಅಂದ್ರೆ ಶಾಕ್ ಮೂಗುದಾರ. ಒಳಗಡೆ ಆಯಿಲ್ ತುಂಬಿದ ಕೊಳವೆ, ಅದರಲ್ಲಿ ಪಿಸ್ಟನ್, ಪಿಸ್ಟನ್‌ನಲ್ಲಿ ಸಣ್ಣ ಸಣ್ಣ ತೂತು, ತೂತಿನ ಮೇಲೆ ಕಾಗದದಷ್ಟು ತೆಳ್ಳಗಿನ ಉಕ್ಕಿನ ಬಿಲ್ಲೆ. ಗಾಡಿ ಕುಣಿದಾಗ ಆಯಿಲ್ಲು ಆ ಬಿಲ್ಲೆ ಎತ್ತಿಕೊಂಡು ತೂರಬೇಕು, ಆ ತಿಕ್ಕಾಟದಲ್ಲಿ ಕುಣಿತ ಎಲ್ಲ ಬಿಸಿಯಾಗಿ ಹೋಗ್ತೈತೆ. ಅದಕ್ಕೇ ಕೆಟ್ಟ ರೋಡಲ್ಲಿ ಅರ್ಧ ಗಂಟೆ ಓಡಿಸಿ ಇಳಿದು ನಾಲ್ಕೂ ಶಾಕ್ ಮುಟ್ಟಿ ನೋಡ್ರಿ, ಬ್ರೇಕ್ ಡಿಸ್ಕ್‌ಗೆ ಕೈ ತಾಗದಂಗೆ ಹುಷಾರಾಗಿ. ಮೂರು ಬೆಚ್ಚಗಿದ್ದು ಒಂದು ತಣ್ಣಗಿದ್ರೆ ಆ ತಣ್ಣಗಿರೋದು ಕೆಲಸ ಬಿಟ್ಟೈತೆ ಅಂತ ಅರ್ಥ.

ಈಗ ಮೊದಲನೇ ಮೆಕ್ಯಾನಿಕ್ ಮಾತು, ಲೀಕ್ ಇಲ್ಲ ಅಂದ್ಮೇಲೆ ಶಾಕ್ ಚೆನ್ನಾಗೈತೆ ಅನ್ನೋದು. ಇದು ಅರ್ಧ ಸತ್ಯ. ಧಾರೆ ಇಳಿದು ಧೂಳು ಮೆತ್ತಿಕೊಂಡಿದ್ರೆ ಹೋಗೈತೆ, ಅದರಲ್ಲಿ ಅನುಮಾನ ಇಲ್ಲ. ರಾಡ್ ಹತ್ರ ಬೆವರಿದಂಗೆ ಸ್ವಲ್ಪ ಜಿಡ್ಡಿದ್ರೆ ಅದು ಮಾಮೂಲು, ಸೀಲ್‌ಗೆ ಅಷ್ಟು ಪಸೆ ಬೇಕೇ ಬೇಕು. ಆದ್ರೆ ಹೊರಗಡೆ ಒಣಗಿದಂಗೆ ಇದ್ದೂ ಒಳಗಡೆ ಸತ್ತಿರೋ ಶಾಕ್ ನಾನು ಲೀಕ್ ಆಗಿರೋದಕ್ಕಿಂತ ಜಾಸ್ತಿ ನೋಡಿದೀನಿ. ಒಂದ್ಸಲ ಶಾಮನೂರು ಕಡೆಯವ್ರ ಒಂದು ಗಾಡಿದು ಹಿಂದಿನ ಶಾಕ್ ಬಿಚ್ಚಿ ಅವ್ರ ಕೈಗೇ ಕೊಟ್ಟೆ, ನೆಟ್ಟಗೆ ಹಿಡಿದು ರಾಡ್ ಒತ್ರಿ ಅಂತ. ಹೊರಗೆ ಒಂದು ಹನಿ ಆಯಿಲ್ ಇಲ್ಲ, ಬಣ್ಣ ಕೂಡ ಹೋಗಿರ್ಲಿಲ್ಲ. ರಾಡ್ ಮೊದ್ಲು ಎರಡು ಇಂಚು ಗಾಳೀಲಿ ಹೋದಂಗೆ ಸುಮ್ಮನೆ ಇಳೀತು, ಆಮೇಲೆ ಗಕ್ ಅಂತ ಹಿಡ್ಕೊಂತು, ಮತ್ತೆ ಎಳೆದ್ರೆ ಅದೇ ಎರಡು ಇಂಚು ಖಾಲಿ, ಒಳಗಡೆಯಿಂದ ಗೊಳ ಗೊಳ ಸದ್ದು. ಮಾಮೂಲಿ ರೋಡಲ್ಲಿ ಶಾಕ್ ಕೆಲಸ ಮಾಡೋದೇ ಆ ನಡುವಿನ ಎರಡು ಇಂಚಲ್ಲಿ. ಅವ್ರು ಏನೂ ಮಾತಾಡ್ಲಿಲ್ಲ, ಇನ್ನೊಂದು ಕಡೆದೂ ಬಿಚ್ಚಿಬಿಡಿ ಅಂದ್ರು ಅಷ್ಟೇ.

ಬಾನೆಟ್ ಒತ್ತಿ ಬಿಟ್ಟು ನೋಡೋದೂ ಹಂಗೇ. ಪೂರ್ತಿ ಸತ್ತಿದ್ರೆ ಮಾತ್ರ ಅದರಲ್ಲಿ ಗೊತ್ತಾಗ್ತೈತೆ. ಯಾಕಂದ್ರೆ ಗಾಡಿ ಬಾಡಿ ತೂಗೋದು ಸೆಕೆಂಡಿಗೆ ಒಂದು ಒಂದೂವರೆ ಸಲ, ನಿಮ್ಮ ಕೈಗೆ ಸಿಗೋದು ಅದು. ಆದ್ರೆ ಚಕ್ರ ಕೆಟ್ಟ ರೋಡಲ್ಲಿ ಕುಣಿಯೋದು ಸೆಕೆಂಡಿಗೆ 10ರಿಂದ 15 ಸಲ, ಅದನ್ನ ಕೈಯಲ್ಲಿ ಒತ್ತಿ ನೋಡೋಕಾಗಲ್ಲ. ನಿಮ್ಮ ಹಿಂದಿನ ಟೈರಲ್ಲಿ ಸಿಗ್ತಿರೋ ಅಲೆ ಐತಲ್ಲ, ಅದೇ ಸಾಕ್ಷಿ. ಚಕ್ರ ರೋಡ್ ಬಿಟ್ಟು ಬಿಟ್ಟು ಬೀಳ್ತಿದ್ರೆ ಬಿದ್ದ ಬಿದ್ದ ಜಾಗದಲ್ಲಿ ರಬ್ಬರ್ ತಿಂದ್ಕೊಂಡು ಹೋಗ್ತೈತೆ. ಸೇತುವೆ ಜಾಯಿಂಟ್ ದಾಟಿ ತೊಟ್ಟಿಲು ತೂಗೋದು ಬಾಡಿ ಕುಣಿತ, ಟೈರ್ ಅಲೆ ಚಕ್ರದ ಕುಣಿತ, ಎರಡೂ ಇದೆ ಅಂದ್ರೆ ಮೂಗುದಾರ ಪೂರ್ತಿ ಸಡ್ಲ ಆಗೈತೆ. ಇದು ಬರೀ ಕಂಫರ್ಟ್ ವಿಷಯ ಅಲ್ಲ, ದಯವಿಟ್ಟು ಗಮನ ಕೊಡ್ರಿ. ಚಕ್ರ ನೆಲಕ್ಕೆ ಅಂಟಿಕೊಂಡಿದ್ರೇನೇ ಬ್ರೇಕ್ ಹಿಡಿಯೋದು. ಹೋಗಿರೋ ಶಾಕಲ್ಲಿ ಕೆಟ್ಟ ರೋಡಲ್ಲಿ ಬ್ರೇಕ್ ಒತ್ತಿದ್ರೆ ಎಬಿಎಸ್ (ಚಕ್ರ ಲಾಕ್ ಆಗದಂಗೆ ನೋಡೋದು) ಬ್ರೇಕನ್ನ ಮತ್ತೆ ಮತ್ತೆ ಬಿಡ್ತೈತೆ, ಗಾಡಿ ನಿಲ್ಲೋದು ದೂರ ಆಗ್ತೈತೆ. ಅಪ್ಪಾಜಿ ಅಮ್ಮನ್ನ ಕೂರಿಸ್ಕೊಂಡು ರಾತ್ರಿ ಹಿರಿಯೂರು ದಾಟಿ ಬರ್ತಿರ್ತೀರಿ, ಮುಂದೆ ಲೈಟಿಲ್ಲದ ಟ್ರ್ಯಾಕ್ಟರ್ ಸಿಕ್ತು ಅನ್ಕೊಳ್ರಿ, ಅಲ್ಲಿ ಅದು ಗೊತ್ತಾಗ್ತೈತೆ. ಹಾಕಿಸೋವರೆಗೂ 80ರ ಮೇಲೆ ಹೋಗ್ಬೇಡಿ.

ಟಕ್ ಟಕ್ ಸದ್ದಿಗೆ ಬರ್ತೀನಿ. ಈ ಆಕ್ಟೇವಿಯಾ ಆಗಿನ ನಾಲ್ಕನೇ ತಲೆಮಾರಿನ ಫೋಕ್ಸ್‌ವ್ಯಾಗನ್ ಗಾಲ್ಫ್ ಕಾರು ಇದ್ದ ಪ್ಲಾಟ್‌ಫಾರ್ಮ್ ಮೇಲೇ ಕಟ್ಟಿರೋ ಗಾಡಿ, ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದ್ರೆ ಸ್ಪ್ರಿಂಗೂ ಶಾಕೂ ಒಂದೇ ಕಂಬದಲ್ಲಿ, ಹಿಂದೆ ಬೀಮ್ ಆಕ್ಸಲ್, ಅಂದ್ರೆ ಎರಡೂ ಚಕ್ರ ಸೇರಿಸೋ ಒಂದು ತೊಲೆ, ಅಲ್ಲಿ ಸ್ಪ್ರಿಂಗೇ ಬೇರೆ ಶಾಕೇ ಬೇರೆ. ಈ ಕುಟುಂಬದ ಗಾಡಿಗಳಲ್ಲಿ ಮುಂದೆ ಸದ್ದು ಬಂದ್ರೆ ನಾನು ಮೊದ್ಲು ಕೈ ಹಾಕೋದು ಲಿಂಕ್ ರಾಡ್‌ಗೆ, ಆಮೇಲೆ ಸ್ಟ್ರಟ್ ಮೇಲಿನ ಮೌಂಟ್ ರಬ್ಬರ್ ಮತ್ತೆ ಬೇರಿಂಗ್, ಆಮೇಲೆ ಲೋಯರ್ ಆರ್ಮ್ (ಚಕ್ರನ ಹಿಡಿದಿರೋ ಕೆಳಗಿನ ತೋಳು) ಹಿಂದಿನ ಬುಶ್, ಅಂದ್ರೆ ರಬ್ಬರ್ ಬಳೆ. ಗಾಡಿ ನಿಲ್ಸಿ ಒಬ್ರು ಸ್ಟೇರಿಂಗ್ ಪೂರ್ತಿ ತಿರುಗಿಸ್ಲಿ, ನೀವು ಬಾನೆಟ್ ಎತ್ತಿ ಸ್ಟ್ರಟ್ ತಲೆ ಮೇಲೆ ಬೆರಳಿಟ್ಟು ನೋಡ್ರಿ, ಟಣ್ ಅಂತ ಸ್ಪ್ರಿಂಗ್ ಹಾರಿದಂಗೆ ಬೆರಳಿಗೆ ಬಡಿದ್ರೆ ಬೇರಿಂಗ್ ಹೋಗೈತೆ. 20 ವರ್ಷದ ರಬ್ಬರ್ ಅದು, ಕಿಲೋಮೀಟರ್ ಕಮ್ಮಿ ಓಡಿದ್ರೂ ವಯಸ್ಸು ಆಗೇ ಆಗ್ತೈತೆ. ಸಾವಿರಾರು ರೂಪಾಯಿ ಕೊಟ್ಟು ಹೊಸ ಶಾಕ್ ಹಾಕಿ ಹಳೇ ಮೌಂಟೇ ಉಳಿಸ್ಕೊಂಡ್ರೆ ಸದ್ದು ಹಂಗೇ ಇರ್ತೈತೆ, ಆಮೇಲೆ ಶಾಕ್ ಕಂಪನೀನ ಬೈಕೊಂಡು ಕೂರ್ತೀವಿ.

ಕೊಳ್ಳೋಕೆ ಮುಂಚೆ ಎರಡು ಕೆಲಸ ಮಾಡ್ರಿ, ಎರಡಕ್ಕೂ ದುಡ್ಡು ಬೇಡ. ಡಿಕ್ಕಿ ಮ್ಯಾಟ್ ಎತ್ತಿ ಸ್ಪೇರ್ ವೀಲ್ ಹತ್ರ ನೋಡ್ರಿ, ಒಂದು ಬಿಳೀ ಸ್ಟಿಕ್ಕರ್ ಇರ್ತೈತೆ, ಅಲ್ಲಿಲ್ಲ ಅಂದ್ರೆ ಹಳೇ ಸರ್ವಿಸ್ ಬುಕ್ಕಲ್ಲಿ. ಅದರಲ್ಲಿ ಮೂರು ಮೂರು ಅಕ್ಷರದ ಕೋಡುಗಳು ಸಾಲಾಗಿ ಇರ್ತಾವೆ, ಪಿಆರ್ ಕೋಡ್ ಅಂತೀವಿ. 1ಬಿಎ ಅಂತಿದ್ರೆ ಸ್ಟ್ಯಾಂಡರ್ಡ್ ಸಸ್ಪೆನ್ಷನ್, 1ಬಿಇ ಅಂತಿದ್ರೆ ಸ್ಪೋರ್ಟ್ಸ್. ಪಾರ್ಟ್ಸ್ ಅಂಗಡಿಯವ್ರು ಗಾಡಿ ಹೆಸರು ಕೇಳಿ ಕೊಡೋ ಶಾಕ್‌ಗಿಂತ ಈ ಕೋಡೂ ಚಾಸಿ ನಂಬರೂ ಇಟ್ಕೊಂಡು ಹುಡುಕಿದ ಶಾಕ್ ನೂರು ಪಾಲು ವಾಸಿ. ಎರಡನೇದು, ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಸಿ, ಡಿಕ್ಕಿ ಖಾಲಿ ಮಾಡಿ, ಟೈರ್ ಗಾಳಿ ಸರಿ ಮಾಡಿ, ದರ್ಜಿ ಟೇಪ್ ತಗೊಂಡು ಚಕ್ರದ ನಟ್ಟ ನಡುವಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ನಾಲ್ಕೂ ಕಡೆ ಅಳತೆ ಬರ್ಕೊಳ್ರಿ. ಎಡಕ್ಕೂ ಬಲಕ್ಕೂ ಒಂದು ಸೆಂಟಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಬಂದ್ರೆ ಸ್ಪ್ರಿಂಗ್ ಕೂತೈತೆ ಅಥವಾ ಕೆಳಗಿನ ಸುತ್ತು ಮುರಿದೈತೆ, ಈ ಗಾಡೀಲಿ ಕೆಳಗಿನ ಸುತ್ತು ಮುರಿಯೋದು ಹೊಸದೇನಲ್ಲ, ಕಪ್ ಒಳಗೆ ಕೂತಿರೋದ್ರಿಂದ ಮೇಲಿಂದ ಕಾಣಲ್ಲ ಅಷ್ಟೇ. ಹಿಂದಿನ ಮಾಲೀಕ್ರು ಲೋಯರಿಂಗ್ ಸ್ಪ್ರಿಂಗ್ (ಗಾಡಿ ತಗ್ಗಿಸೋ ಸ್ಪ್ರಿಂಗ್) ಹಾಕಿಸಿರೋದೂ ಉಂಟು, ಬೆಂಗಳೂರಿಂದ ಬಂದ ಆರ್‌ಎಸ್ ಗಾಡಿಗಳಲ್ಲಿ ನಾನು ಮೊದ್ಲು ಅದನ್ನೇ ನೋಡ್ತೀನಿ. ಒಳಗೆ ಯಾವ ಸ್ಪ್ರಿಂಗ್ ಐತೆ ಅಂತ ಗೊತ್ತಿಲ್ದೆ ಶಾಕ್ ಆರಿಸೋದು ಎತ್ತು ನೋಡ್ದೆ ಮೂಗುದಾರ ತಂದಂಗೆ.

ಈಗ ನಿಮ್ಮ ಮುಂದಿರೋ ದಾರಿಗಳು. ಒಂದು ಕಡೆದು ಮಾತ್ರ ಬಿಚ್ಚಿ ರಿಪೇರಿ ಮಾಡಿಸೋದು ಬೇಡ. ನಮ್ಮೂರಲ್ಲಿ ಲಾರಿ ಬಸ್ಸು ಶಾಕ್ ರಿಪೇರಿ ಮಾಡೋ ಹುಡುಗ್ರು ಒಳ್ಳೇ ಕೈಗಾರರು, ಅವ್ರ ಮೇಲೆ ನಂಗೆ ಗೌರವ ಐತೆ, ಆದ್ರೆ ಕಾರಿನ ಗ್ಯಾಸ್ ಶಾಕ್ ಕೊರೆದು ಆಯಿಲ್ ತುಂಬಿ ವೆಲ್ಡ್ ಹೊಡೆದ್ರೆ ಆ ತೆಳ್ಳಗಿನ ಬಿಲ್ಲೆಗಳ ಲೆಕ್ಕಾಚಾರ ವಾಪಸ್ ಬರಲ್ಲ, ಗ್ಯಾಸೂ ನಿಲ್ಲಲ್ಲ. ಒಂದು ಕಡೆ ಗಟ್ಟಿ ಒಂದು ಕಡೆ ಮೆತ್ತಗೆ ಆದ್ರೆ ಜೋರಾಗಿ ಬ್ರೇಕ್ ಹೊಡೆದಾಗ ಗಾಡಿ ಒಂದು ಕಡೆ ಎಳೀತೈತೆ. ಶಾಕ್ ಯಾವತ್ತೂ ಜೋಡಿ, ಮುಂದೆ ಎರಡು ಅಥವಾ ಹಿಂದೆ ಎರಡು. ನಿಮ್ಮ ಗಾಡಿಗೆ ನಾಲ್ಕೂ ಬೇಕು, ದುಡ್ಡು ಒಟ್ಟಿಗೆ ಹೊಂದಲ್ಲ ಅಂದ್ರೆ ಈ ತಿಂಗಳು ಹಿಂದಿನ ಜೋಡಿ, ಮುಂದಿನ ತಿಂಗಳು ಮುಂದಿನ ಜೋಡಿ ಮಾಡಿಸ್ಬೋದು, ಹಿಂದಿನವು ಬಿಚ್ಚೋದೂ ಸುಲಭ.

ಮಾಮೂಲಿ ಆಕ್ಟೇವಿಯಾ ಶಾಕ್ ಬೋಲ್ಟಿಗೆ ಕೂರ್ತೈತೆ, ನಿಜ. ಫ್ರೆಂಡ್ಸ್ ಹೇಳೋದು ಅಷ್ಟಕ್ಕೇ. ಆದ್ರೆ ನಮ್ಮಲ್ಲಿ ಓಡಾಡೋ ಮಾಮೂಲಿ ಆಕ್ಟೇವಿಯಾಗಳಲ್ಲಿ ಹೆಚ್ಚಿನವು 1.9 ಲೀಟರ್ ಡೀಸೆಲ್, ಅದರ ಮುಂದಿನ ತೂಕ ಬೇರೆ, ಸ್ಪ್ರಿಂಗ್ ಬೇರೆ, ಶಾಕ್ ಒಳಗಿನ ವಾಲ್ವ್ ಸೆಟ್ಟಿಂಗೂ ಬೇರೆ. ನಿಮ್ದು 1.8 ಲೀಟರ್ ಟರ್ಬೋ ಪೆಟ್ರೋಲು, 150 ಪಿಎಸ್ ಪವರಿನ ಗಾಡಿ. ಸ್ಪೋರ್ಟ್ಸ್ ಸ್ಪ್ರಿಂಗ್‌ಗೆ ಮೆತ್ತಗಿನ ಶಾಕ್ ಹಾಕಿದ್ರೆ ಮೊದಲ ತಿಂಗಳು ಆಹಾ ಏನ್ ಸ್ಮೂತು ಅನ್ಸುತ್ತೆ, ಆಮೇಲೆ ಅದೇ ತೊಟ್ಟಿಲು. ಉಳಿಸಿದ ದುಡ್ಡು ಟೈರಿಗೆ ಹೋಗ್ತೈತೆ.

ಕಾಯಿಲ್‌ಓವರ್ ವಿಷಯ ಸ್ವಲ್ಪ ಬಿಡಿಸಿ ಹೇಳ್ಬೇಕು, ಯಾಕಂದ್ರೆ ವಯಸ್ಸಿನ ಹುಡುಗ್ರು ದುಡ್ಡು ಕಳ್ಕೊಳ್ಳೋದು ಇಲ್ಲೇ. ಒಳ್ಳೇ ಕಂಪನಿ ಕಾಯಿಲ್‌ಓವರ್ ಕೆಟ್ಟದ್ದಲ್ಲ, ಟ್ರ್ಯಾಕ್‌ಗೆ ಹೋಗೋರಿಗೆ ಅದು ಬೇಕು. ಆದ್ರೆ ಎರಡು ಇಂಚು ಅಂದ್ರೆ 50 ಮಿಲಿಮೀಟರ್. ಅಷ್ಟು ಇಳಿಸಿದ್ರೆ ಶಾಕ್‌ಗೆ ಕೆಳಗೆ ಹೋಗೋಕೆ ಉಳಿಯೋ ಜಾಗ ಬಹಳ ಕಡಿಮೆ, ಸ್ವಲ್ಪ ದೊಡ್ಡ ಗುಂಡಿ ಬಂದ್ರೂ ಬಂಪ್ ಸ್ಟಾಪ್ ರಬ್ಬರ್‌ಗೆ ಹೋಗಿ ಗುದ್ದುತ್ತೆ. ಆಮೇಲೆ ನೀವು ಕೂತಿರೋದು ಸ್ಪ್ರಿಂಗ್ ಮೇಲಲ್ಲ, ಆ ರಬ್ಬರ್ ಮೇಲೆ. ಜೊತೆಗೆ ಡ್ರೈವ್ ಶಾಫ್ಟ್ ಕೋನ ಬದಲಾಗ್ತೈತೆ, ಲೋಯರ್ ಆರ್ಮ್ ಮೇಲ್ಮುಖ ಆಗಿ ತಿರುವಿನಲ್ಲಿ ಹಿಡಿತ ಕಮ್ಮೀನೇ ಆಗ್ತೈತೆ. ಕೆಳಗಿದ್ರೆ ಚೆನ್ನಾಗಿ ತಿರುಗುತ್ತೆ ಅನ್ನೋದು ಒಂದು ಮಿತಿವರೆಗೆ ಮಾತ್ರ ನಿಜ. ಚನ್ನಗಿರಿ ತೋಟಕ್ಕೆ ನಾಲೆ ಏರಿ ಮೇಲೆ ಹೋಗ್ತೀರಿ ಅನ್ಸುತ್ತೆ, ಊರಿಗೊಂದು ಹಂಪು, ಮಳೆಗಾಲದಲ್ಲಿ ಟ್ರ್ಯಾಕ್ಟರ್ ಚಕ್ರದ ಗೆರೆ. ಇಂಜಿನ್ ಕೆಳಗಿನ ಸಂಪ್ ಒಂದು ಕಲ್ಲಿಗೆ ತಾಗಿದ್ರೆ ಮುಗೀತು. ಆ ಕೆಸರು ಧೂಳು ಕಾಯಿಲ್‌ಓವರ್ ಥ್ರೆಡ್ ಮೇಲೆ ಕೂತು ತುಕ್ಕು ಹಿಡಿದ್ರೆ ಎರಡನೇ ವರ್ಷಕ್ಕೆ ಎತ್ತರ ಸರಿ ಮಾಡೋ ರಿಂಗ್ ತಿರುಗೋದೂ ಇಲ್ಲ.

ಗಟ್ಟಿ ಇದ್ದಷ್ಟೂ ಸ್ಪೋರ್ಟ್ಸು ಅನ್ನೋ ನಂಬಿಕೆ ನಂಗೂ ಇತ್ತು. ಶುರುವಿನ ವರ್ಷಗಳಲ್ಲಿ ಒಬ್ರ ಪೆಟ್ರೋಲ್ ಫಿಯೆಟ್ ಪಾಲಿಯೋ ಕಾರಿಗೆ ಸಿಕ್ಕಿದ್ರಲ್ಲೇ ಅತಿ ಗಟ್ಟಿ ಶಾಕ್ ಹಾಕಿ ಕಳಿಸಿದ್ದೆ. ನಮ್ಮ ನುಣುಪು ರೋಡಲ್ಲಿ ಟ್ರಯಲ್ ನೋಡಿದಾಗ ಇಬ್ಬರಿಗೂ ಖುಷಿಯೋ ಖುಷಿ. ವಾರ ಆದ್ಮೇಲೆ ಜಗಳೂರು ಕಡೆ ಹೋಗಿ ಬಂದು ಹೇಳಿದ್ರು, ತಿರುವಲ್ಲಿ ಸಣ್ಣ ಸಣ್ಣ ಗುಂಡಿ ಸಾಲಾಗಿ ಬಂದಾಗ ಗಾಡಿ ಹಿಂಭಾಗ ಹಾರಿ ಹಾರಿ ಪಕ್ಕಕ್ಕೆ ಸರೀತು ಅಂತ. ಅವತ್ತು ನಂಗೆ ನಿದ್ದೆ ಬರ್ಲಿಲ್ಲ. ಅತಿ ಗಟ್ಟಿ ಶಾಕು ಒತ್ತಿದ ಸ್ಪ್ರಿಂಗ್‌ನ ಮುಂದಿನ ಗುಂಡಿ ಬರೋದ್ರೊಳಗೆ ವಾಪಸ್ ಬಿಚ್ಚಿಕೊಳ್ಳೋಕೆ ಬಿಡಲ್ಲ, ಚಕ್ರ ಒಂದೊಂದು ಗುಂಡಿಗೂ ಇನ್ನಷ್ಟು ಮೇಲೇರಿ ಕೊನೆಗೆ ನೆಲ ಬಿಡ್ತೈತೆ. ಸತ್ತ ಶಾಕು, ಅತಿ ಗಟ್ಟಿ ಶಾಕು, ಎರಡರಲ್ಲೂ ಚಕ್ರ ಗಾಳೀಲೇ. ಅವ್ರ ಶಾಕ್ ನನ್ನ ಖರ್ಚಲ್ಲೇ ಬದಲಾಯಿಸಿ ಕೊಟ್ಟೆ.

ಹಂಗಾದ್ರೆ ಯಾವ್ದು ತಗೋಬೇಕು. ನನ್ನ ಮೊದಲ ಆಯ್ಕೆ ನಿಮಗೆ ಕಂಪನಿ ಸೆಟ್ಟಿಂಗಿಗೆ ಸಮ ಇರೋ ಶಾಕೇ, ಅಂದ್ರೆ ಸಾಕ್ಸ್ ಕಂಪನಿದು ಅಥವಾ ಬಿಲ್‌ಸ್ಟೈನ್ ಬಿ4 ಅಥವಾ ಕೆವೈಬಿ ಎಕ್ಸೆಲ್-ಜಿ ಥರದ್ದು, ಆದ್ರೆ ನಿಮ್ಮ ಪಿಆರ್ ಕೋಡ್‌ಗೆ ಹೊಂದೋ ನಂಬರ್ ಆಗಿರ್ಬೇಕು. ಇವು ಟ್ವಿನ್ ಟ್ಯೂಬ್, ಕೊಳವೆಯೊಳಗೆ ಕೊಳವೆ, ಸ್ವಲ್ಪ ಒತ್ತಡದ ಗ್ಯಾಸು. ಸಣ್ಣ ಪುಟ್ಟ ಗುಂಡಿಗೆ ಮೃದು, ಅಮ್ಮನ ಸೊಂಟಕ್ಕೂ ಒಳ್ಳೇದು. ಎಷ್ಟೋ ಜನಕ್ಕೆ ಗೊತ್ತಿಲ್ಲ, ಆರ್‌ಎಸ್ ಹೊಸದಿದ್ದಾಗ ಹೆಂಗಿತ್ತು ಅಂತ ಓಡಿಸಿ ನೋಡಿದೋರೇ ಕಮ್ಮಿ, ಸತ್ತ ಶಾಕ್ ಮೇಲೆ ವರ್ಷಗಟ್ಲೆ ಓಡಿಸಿ ಅದೇ ಅದರ ಗುಣ ಅನ್ಕೊಂಡಿರ್ತಾರೆ, ಹೊಸ ಮೌಂಟು, ಬುಶ್ಶು, ಸಮ ಶಾಕು ಹಾಕಿ ಕೊಟ್ಟಾಗ ಇಷ್ಟೇ ಸಾಕಿತ್ತಲ್ಲ ಅಂತಾರೆ.

ಒಬ್ರೇ ಹೈವೇಲಿ ಹೋಗೋದೇ ಜಾಸ್ತಿ ಇದ್ದಿದ್ರೆ ಬಿಲ್‌ಸ್ಟೈನ್ ಬಿ6 ಹೇಳ್ತಿದ್ದೆ. ಅದು ಮಾನೋಟ್ಯೂಬ್, ಒಂದೇ ಕೊಳವೆ, ಆಯಿಲ್ ಒಂದು ಕಡೆ, ತೇಲೋ ಪಿಸ್ಟನ್ ಆಚೆ ಹೆಚ್ಚು ಒತ್ತಡದ ನೈಟ್ರೋಜನ್. 1950ರ ದಶಕದಲ್ಲಿ ಫ್ರಾನ್ಸಿನ ದ ಕಾರ್ಬೋನ್ ಅನ್ನೋರು ತಂದ ಐಡಿಯಾ ಇದು. ಆಯಿಲ್ ಇರೋ ಕೊಳವೆಗೇ ನೇರ ಗಾಳಿ ತಾಗೋದ್ರಿಂದ ಬೇಗ ತಣ್ಣಗಾಗ್ತೈತೆ, ಒತ್ತಡ ಇರೋದ್ರಿಂದ ಆಯಿಲ್ ನೊರೆ ಆಗಲ್ಲ, ಬೇಸಿಗೆ ಮಧ್ಯಾಹ್ನ ನಾಲ್ಕು ಗಂಟೆ ಒಂದೇ ಸಮನೆ ಓಡಿಸಿದ್ರೂ ಹಿಡಿತ ಅದೇ ಇರ್ತೈತೆ. ಆದ್ರೆ ಕಡಿಮೆ ಸ್ಪೀಡಲ್ಲಿ, ಊರೊಳಗಿನ ಕಾಂಕ್ರೀಟ್ ಜಾಯಿಂಟಲ್ಲಿ ಗಡಸು ಗೊತ್ತಾಗ್ತೈತೆ. ಇನ್ನೊಂದು ಭಯ, ಹಿಂದಿನ ಶಾಕ್ ಕೊಳವೆಗೆ ಕಲ್ಲು ಬಡಿದು ಒಂದು ತಗ್ಗು ಬಿದ್ರೂ ಪಿಸ್ಟನ್ ಅಲ್ಲೇ ಸಿಕ್ಕಾಕ್ಕೊಳ್ತೈತೆ, ಟ್ವಿನ್ ಟ್ಯೂಬಲ್ಲಿ ಹೊರಗಿನ ಕೊಳವೆ ಏಟು ತಡ್ಕೊಂತೈತೆ. ಗ್ಯಾಸ್ ಶಾಕ್ ಗಾಡಿ ಎತ್ತುತ್ತೆ ಅಂತಾರಲ್ಲ, ಎತ್ತೋದು ಕೆಲವೇ ಮಿಲಿಮೀಟರ್, ಕೂತಿರೋ ಸ್ಪ್ರಿಂಗ್‌ಗೆ ಅದು ಮದ್ದಲ್ಲ. ಬಿ8 ಅಂತ ಇನ್ನೊಂದು ಬರ್ತೈತೆ, ಅದು ಗಿಡ್ಡದ್ದು, ಲೋಯರಿಂಗ್ ಸ್ಪ್ರಿಂಗ್ ಇದ್ರೆ ಮಾತ್ರ.

ಕೋನಿ ಕಂಪನಿಯ ಹಳದಿ ಶಾಕ್ ಬಗ್ಗೆ ಕೇಳೋರಿಗೆ ಒಂದೇ ಮಾತು. ಅದರಲ್ಲಿ ತಿರುಗಿಸಿ ಗಟ್ಟಿ ಮಾಡೋಕಾಗೋದು ಸ್ಪ್ರಿಂಗ್ ವಾಪಸ್ ಬಿಚ್ಚಿಕೊಳ್ಳೋ ಕಡೆ ಮಾತ್ರ, ಒತ್ತೋ ಕಡೆ ಅಲ್ಲ. ಹಾಕಿಸಿದ್ರೆ ಪೂರ್ತಿ ಮೆತ್ತಗಿಂದ ಶುರು ಮಾಡಿ ಕಾಲು ಕಾಲು ಸುತ್ತು ಏರಿಸ್ರಿ.

ಯಾವ್ದೇ ತಗೊಳ್ರಿ, ಬಿಲ್ ಇರೋ ಕಡೆ ತಗೊಳ್ರಿ, ಬಾಕ್ಸ್ ಮೇಲಿನ ನಂಬರೂ ಶಾಕ್ ಮೈಮೇಲೆ ಕೆತ್ತಿರೋ ನಂಬರೂ ಒಂದೇನಾ ನೋಡ್ರಿ. ನಕಲಿ ಬಾಕ್ಸ್ ಬಹಳ ಓಡಾಡ್ತೈತೆ.

ಕೂರಿಸೋ ದಿನ ನೀವೂ ಅಲ್ಲೇ ನಿಂತಿರ್ರಿ. ಒಳ್ಳೇ ಶಾಕ್ ಕೆಡೋದು ಹೆಚ್ಚಾಗಿ ಆ ಎರಡು ಗಂಟೇಲಿ. ಟ್ವಿನ್ ಟ್ಯೂಬ್ ಆದ್ರೆ ಹಾಕೋಕೆ ಮುಂಚೆ ನೆಟ್ಟಗೆ ನಿಲ್ಸಿ ನಾಲ್ಕೈದು ಸಲ ಪೂರ್ತಿ ಒತ್ತಿ ಎಳೀಬೇಕು, ಮಲಗಿಸಿ ಬಂದಿರೋದ್ರಿಂದ ಒಳಗೆ ಗಾಳಿ ಸೇರ್ಕೊಂಡಿರ್ತೈತೆ. ರಾಡ್ ತಿರುಗದಂಗೆ ಹಿಡಿಯೋಕೆ ಪ್ಲೈಯರ್ ಹಾಕಿದ್ರೆ ಅಲ್ಲೇ ನಿಲ್ಸಿಬಿಡಿ, ಒಂದು ಗೀರು ಸಾಕು ಸೀಲ್ ಕತ್ತರಿಸೋಕೆ, ಅದಕ್ಕೆ ರಾಡ್ ತಲೇಲಿ ಬೇರೆ ಜಾಗ ಕೊಟ್ಟಿರ್ತಾರೆ. ಈ ಗಾಡೀಲಿ ಮುಂದಿನ ಸ್ಟ್ರಟ್ಟು ಸ್ಟೇರಿಂಗ್ ನಕಲ್ (ಚಕ್ರದ ಹಬ್ ಹಿಡಿದಿರೋ ಭಾಗ) ಒಳಗೆ ಇಳಿದು ಕೂತಿರ್ತೈತೆ, ಅದರ ಸೀಳು ಅಗಲಿಸೋಕೆ ಒಂದು ಸ್ಪ್ರೆಡರ್ ಟೂಲ್ ಐತೆ, ಸುತ್ತಿಗೇಲಿ ಬಡಿದು ಇಳಿಸೋರ ಹತ್ರ ಕೊಡ್ಬೇಡಿ. ಸ್ಪ್ರಿಂಗ್ ಕಂಪ್ರೆಸರ್ (ಸ್ಪ್ರಿಂಗ್ ಒತ್ತಿ ಹಿಡಿಯೋ ಟೂಲ್) ಸರಿಯಾಗಿಲ್ದಿದ್ರೆ ಪ್ರಾಣಕ್ಕೇ ಅಪಾಯ, ಮನೇಲಿ ಮಾಡೋ ಕೆಲಸ ಅಲ್ಲ. ಹೊಸ ಬಂಪ್ ಸ್ಟಾಪು, ಧೂಳಿನ ಬೂಟು, ಹೊಸ ಲಾಕ್ ನಟ್ ಹಾಕಿಸ್ರಿ. ಲೋಯರ್ ಆರ್ಮ್ ಬುಶ್ ಮುಟ್ಟಿದ್ರೆ ಅದರ ಬೋಲ್ಟ್ ಕೊನೇ ಟೈಟ್ ಮಾಡೋದು ಗಾಡಿ ಚಕ್ರದ ಮೇಲೆ ನಿಂತಿರೋವಾಗ, ಜಾಕ್ ಮೇಲೆ ನೇತಾಡ್ತಿರೋವಾಗ ಟೈಟ್ ಮಾಡಿದ್ರೆ ಗಾಡಿ ಇಳಿದ ತಕ್ಷಣ ಆ ರಬ್ಬರ್ ತಿರುಚಿಕೊಂಡು ಕೆಲವೇ ತಿಂಗಳಲ್ಲಿ ಹರೀತೈತೆ. ಆಮೇಲೆ ಮುಂದಿನ ಅಲೈನ್ಮೆಂಟ್. ಹಿಂದಿನ ಬೀಮ್‌ಗೆ ಅಡ್ಜಸ್ಟ್‌ಮೆಂಟ್ ಇಲ್ಲ, ಆದ್ರೂ ರೀಡಿಂಗ್ ಪ್ರಿಂಟ್ ಕೇಳಿ ಇಸ್ಕೊಳ್ರಿ, ಹಿಂದಿನ ಟೈರ್ ಬರೀ ಒಳಗಿನ ಅಂಚಲ್ಲೇ ತಿಂದಿದ್ರೆ ಬೀಮ್ ಬುಶ್ಶೂ ನೋಡ್ಬೇಕಾಗ್ತೈತೆ. ಅಲೆ ಬಿದ್ದಿರೋ ಟೈರ್ ಹೊಸ ಶಾಕ್ ಹಾಕಿದ್ರೂ ಗುಂಯ್ ಅಂತಾನೇ ಇರ್ತೈತೆ, ಬೇರಿಂಗ್ ಹೋಗೈತೆ ಅನ್ಕೊಂಡು ಅದನ್ನೂ ಬಿಚ್ಚಿಸ್ಬೇಡಿ.

ಡಿಕ್ಕಿ ಸ್ಟಿಕ್ಕರ್ ಫೋಟೋ, ನಾಲ್ಕೂ ಚಕ್ರದ ಟೇಪ್ ಅಳತೆ, ಸ್ಪ್ರಿಂಗ್ ಮೇಲೆ ಬಣ್ಣದ ಚುಕ್ಕೆ ಉಳಿದಿದ್ರೆ ಅದರದ್ದೂ ಒಂದು ಫೋಟೋ ಕಳಿಸ್ರಿ. ನೋಡಿ ನಿಮ್ಮ ಗಾಡಿಗೆ ಹೊಂದೋ ಪಾರ್ಟ್ ನಂಬರ್ ಬರೆದು ಕಳಿಸ್ತೀನಿ, ಅಲ್ಲಿವರೆಗೂ ಯಾರಿಗೂ ಅಡ್ವಾನ್ಸ್ ಕೊಡ್ಬೇಡಿ.